ಎರಡು ನಕ್ಷತ್ರದ ಫ್ರಿಜ್ಜು

ನನ್ನನ್ನು ಬಲ್ಲವರು "ಮೇಷ್ಟ್ರು ಬಹಳ ಲೆಕ್ಕಾಚಾರದ ಮನುಷ್ಯ" ಎನ್ನುತ್ತಾರೆ. ಯಾವುದನ್ನೂ ತೀರ್ಮಾನಿಸಲಾಗದ ಗಂಡಸಿಗೆ ನಮ್ಮ ಗುಂಡ್ಲುಪೇಟೆಯ ಜನ ಮರ್ಯಾದೆಯಿಂದ ಇಟ್ಟಿರುವ ಹೆಸರು ಅದು. ಸಂತೆಯಲ್ಲಿ ನಾನು ಬದನೆಕಾಯಿ ಆರಿಸಲು ಕೂತರೆ, ಮಾರುವವಳು ಉಳಿದ ಗಿರಾಕಿಗಳನ್ನೆಲ್ಲ ಕಳಿಸಿ, ಎಲೆ ಅಡಿಕೆ ಹಾಕಿಕೊಂಡು, ಆಮೇಲೆ ನನ್ನ ಕಡೆ ತಿರುಗುತ್ತಾಳೆ. ಹೆಣ್ಣು ನೋಡಲು ಹರವೆಗೆ ಮೂರು ಸಲ ಹೋಗಿದ್ದೆ. ಮೂರನೆಯ ಸಲ ಉಪ್ಪಿಟ್ಟಿನ ತಟ್ಟೆ ಕೈಗಿಡುತ್ತಾ ಹೆಣ್ಣಿನ ತಂದೆ, "ಇನ್ನೊಂದ್ಸಲ ಬಂದ್ರೆ ಊರೋರು ನಿಮ್ಮುನ್ನ ನಮ್ಮನೆ ಆಳು ಅನ್ಕಬುಡ್ತಾರೆ ಕಣಪ್ಪ" ಎಂದರು. ಆ ಹೆದರಿಕೆಗೇ ಒಪ್ಪಿದೆ. ಗಿರಿಜ ನನ್ನ ಹೆಂಡತಿಯಾದದ್ದು ಹೀಗೆ. ನಾನು ಅವಳನ್ನು ಮೂರು ಸಲ ನೋಡಿದೆ. ಅವಳಿಗೆ ನಾನು ಒಪ್ಪಿಗೆಯೇ ಎಂದು ಯಾರೂ ಒಂದು ಸಲವೂ ಕೇಳಿದಂತಿಲ್ಲ.

ಎರಡು ಸಾವಿರದ ಎಂಟರ ಬೇಸಿಗೆ ಶುರುವಾಗುವ ಹೊತ್ತಿಗೆ ಗಿರಿಜಳ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದಾಯಿತು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು ಡಾಕ್ಟರು. "ಬಾಟ್ಲಿ ತಂಪಲ್ಲಿರ್ಬೇಕು. ಮನೇಲಿ ಫ್ರಿಜ್ ಇದೆ ತಾನೇ?" ಎಂದು ಕೇಳಿದರು. "ತಗೊಳ್ತೀವಿ ಸಾರ್" ಎಂದೆ. ಅಲ್ಲಿಯತನಕ ಎದುರುಮನೆಯ ಮಹದೇವಮ್ಮನ ಫ್ರಿಜ್ಜಿನಲ್ಲಿ ಇಡುವುದೆಂದಾಯಿತು. ಮಹದೇವಮ್ಮ ಅಂಗನವಾಡಿಯಲ್ಲಿ ಕೆಲಸ ಮಾಡುವ, ಒಬ್ಬರೇ ಇರುವ ಹೆಂಗಸು. "ಅದ್ಕೇನಂತೆ, ತಕ್ಕಬಾ ಗಿರಿಜಾ, ಮೊಟ್ಟೆ ಪಕ್ಕದಲ್ಲಿ ಮಡಗ್ತೀನಿ" ಎಂದರು. "ಒಂದೇ ಒಂದು ವಾರ" ಎಂದು ನಾನು ಮಾತು ಕೊಟ್ಟೆ.

ಆದರೆ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕಂಡದ್ದನ್ನು ಕೊಂಡು ತರಲಾದೀತೆ? ಫ್ರಿಜ್ಜುಗಳ ಬಾಗಿಲ ಮೇಲೆ ಆಗ ಹೊಸದಾಗಿ ನಕ್ಷತ್ರದ ಚೀಟಿ ಅಂಟಿಸತೊಡಗಿದ್ದರು. ನಕ್ಷತ್ರ ಹೆಚ್ಚಿದ್ದಷ್ಟೂ ಕರೆಂಟು ಕಡಿಮೆ ತಿನ್ನುತ್ತದೆ ಎಂದು ಅದರರ್ಥ. ವರ್ಷಕ್ಕೆ ಎಷ್ಟು ಯೂನಿಟ್ ಎಂಬುದೂ ಅದರಲ್ಲೇ ಇರುತ್ತಿತ್ತು. ನನ್ನಂಥವನ ಕೈಗೆ ಇಂಥ ಚೀಟಿ ಸಿಗಬಾರದಿತ್ತು. ಒಂದು ನೋಟ್‌ಬುಕ್ ಹಿಡಿದು ಭಾನುವಾರವಾದರೆ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗತೊಡಗಿದೆ. ಒಂದು ಬಾಗಿಲಿನದೋ, ಎರಡು ಬಾಗಿಲಿನದೋ? ಐಸು ತಾನೇ ಕರಗುವುದೋ, ನಾವು ಕರಗಿಸಬೇಕಾದದ್ದೋ? ನಾಲ್ಕು ನಕ್ಷತ್ರದ ದೊಡ್ಡದು ಮೂರು ನಕ್ಷತ್ರದ ಚಿಕ್ಕದಕ್ಕಿಂತ ಹೆಚ್ಚು ಕರೆಂಟು ತಿನ್ನುವುದಾದರೆ ನಕ್ಷತ್ರವನ್ನು ನಂಬಬೇಕೋ, ಯೂನಿಟ್ಟನ್ನು ನಂಬಬೇಕೋ? ಅಂಗಡಿಯವನು ಮೊದಮೊದಲು ಟೀ ತರಿಸುತ್ತಿದ್ದ. ನಾಲ್ಕನೆಯ ಭಾನುವಾರ ನಿಲ್ಲಿಸಿದ. "ಸಾ, ದಿನಕ್ಕೆ ಆರು ಗಂಟೆ ಕರೆಂಟೇ ಇರಲ್ಲ ನಮ್ ಕಡೆ. ಯಾವ್ದು ತಕ್ಕಂಡೋದ್ರೂ ಉಳಿತಾಯನೇ ಕಣ್ ಬುಡಿ" ಎಂದ. ಅವನಿಗೆ ವಿಜ್ಞಾನ ಗೊತ್ತಿಲ್ಲ ಎಂದುಕೊಂಡೆ. ಅಷ್ಟರಲ್ಲಿ ನಕ್ಷತ್ರ ಕೊಡುವ ನಿಯಮವೇ ಬದಲಾಗುತ್ತದಂತೆ, ಇಂದಿನ ಐದು ನಾಳೆಗೆ ಮೂರಾಗುತ್ತದಂತೆ ಎಂದು ಎಲ್ಲೋ ಓದಿದೆ. ಹಾಗಾದರೆ ಕಾಯುವುದೇ ಜಾಣತನ!

ಹೀಗೆ ನಾನು ಕಾಯುತ್ತಿದ್ದಾಗ ಗಿರಿಜ ಬೆಳಿಗ್ಗೆ ಸಂಜೆ ರಸ್ತೆ ದಾಟುತ್ತಿದ್ದಳು. ಎದುರುಮನೆಯಲ್ಲೇ ಚುಚ್ಚಿಕೊಂಡು, ಒಂದಷ್ಟು ಹೊತ್ತು ಕೂತು ಬರುತ್ತಿದ್ದಳು. ಫ್ರಿಜ್ ಯಾವಾಗ ಬರುತ್ತದೆ ಎಂದು ಕೇಳಲಿಲ್ಲ. ಕೇಳದಿದ್ದುದನ್ನು ನಾನು ನನ್ನ ಲೆಕ್ಕಾಚಾರದ ಮೇಲಿನ ಭರವಸೆ ಎಂದು ತಿಳಿದೆ. ಒಂದು ವಾರ ಎರಡೂವರೆ ತಿಂಗಳಾಯಿತು.

ಮೇ ತಿಂಗಳಲ್ಲಿ ಮಹದೇವಮ್ಮ ನೆಂಟರ ಮದುವೆಗೆಂದು ಬೇಗೂರಿಗೆ ಹೋದರು. ಸಂಜೆಗೆ ಬರಬೇಕಾದವರು ಎರಡು ದಿನ ಉಳಿದರು. ಬೀಗ ಹಾಕಿದ ಆ ಮನೆಯೊಳಗೆ ಮೊಟ್ಟೆ ಪಕ್ಕದಲ್ಲಿ ನನ್ನ ಹೆಂಡತಿಯ ಔಷಧಿ ತಣ್ಣಗೆ ಕೂತಿತ್ತು. ಇದು ನನಗೆ ಗೊತ್ತಾದದ್ದು ಮೂರನೆಯ ದಿನ ಬೆಳಿಗ್ಗೆ, ಅವಳು ಎರಡು ಸಲ ವಾಂತಿ ಮಾಡಿ, ಬಚ್ಚಲ ಗೋಡೆ ಹಿಡಿದು ಕುಸಿದ ಮೇಲೆ. ಬಾಡಿಗೆ ಕಾರಿನಲ್ಲಿ ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆ. ಸಕ್ಕರೆ ನೋಡಿದ ಡಾಕ್ಟರು, "ಎರಡು ದಿನ ಏನ್ ಮಾಡ್ತಿದ್ರಿ?" ಎಂದು ಗದರಿದರು. ಎರಡು ದಿನವಲ್ಲ, ಎರಡೂವರೆ ತಿಂಗಳು ಏನು ಮಾಡುತ್ತಿದ್ದೆ ಎಂದು ಕೇಳಿದ್ದರೆ ನೋಟ್‌ಬುಕ್ ತೋರಿಸಬಹುದಿತ್ತು.

ಮಧ್ಯಾಹ್ನದ ಹೊತ್ತಿಗೆ ಗಿರಿಜ ಕಣ್ಣು ಬಿಟ್ಟಳು. "ನನಗ್ಯಾಕೆ ಹೇಳ್ಲಿಲ್ಲ? ಮೆಡಿಕಲ್ ಶಾಪಲ್ಲಿ ಇನ್ನೊಂದು ಬಾಟ್ಲಿ ತರ್ತಿದ್ದೆನಲ್ಲ" ಎಂದೆ.

"ತಂದು ಎಲ್ಲಿ ಮಡಗ್ತಿದ್ರಿ?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿಯೂ ಗೊತ್ತಿಲ್ಲದವಳಂತೆ.

ಸುದ್ದಿ ತಿಳಿದ ಮಹದೇವಮ್ಮ ಮದುವೆ ಸೀರೆಯಲ್ಲೇ ಓಡಿ ಬಂದರು. ವಾರ್ಡಿನ ಬಾಗಿಲಲ್ಲಿ ನನ್ನನ್ನು ಕಂಡು ಅತ್ತುಬಿಟ್ಟರು. "ಬೀಗದ ಕೈ ನಿಮ್ಮನೇಲಿ ಕೊಟ್ಟೋಗ್ಬೇಕಿತ್ತು ಮೇಷ್ಟ್ರೇ, ಮರ್ತ್ಬುಟ್ಟೆ ಕಣಿ. ಮೊದ್ಲೇ ಅವ್ಳಿಗೆ ಪಾದ ಜೋಮು ಇಡೀತದೆ, ಸಂಜೆ ಆದ್ರೆ ಕಣ್ಣು ಮಂಜಾಯ್ತದೆ. ನಿಮ್ಗೂ ಯೋಳಿರ್ಬೇಕಲ್ಲ?"

"ಹ್ಞೂಂ" ಎಂದು ಸುಳ್ಳು ಹೇಳಿದೆ. ಅವಳ ಪಾದದ ಸುದ್ದಿ, ಕಣ್ಣಿನ ಸುದ್ದಿ ಎಲ್ಲವೂ ರಸ್ತೆಯ ಆಚೆಯ ಮನೆಯಲ್ಲಿತ್ತು. ಯಾವ ಫ್ರಿಜ್ಜು ವರ್ಷಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆಂಬುದು ಮಾತ್ರ ನನಗೆ ಬಾಯಿಪಾಠವಾಗಿತ್ತು.

ಮಹದೇವಮ್ಮನನ್ನು ಅವಳ ಹತ್ತಿರ ಕೂರಿಸಿ ನೇರ ಅಂಗಡಿಗೆ ನಡೆದೆ. "ಒಂದು ಫ್ರಿಜ್ ಕೊಡಿ" ಎಂದೆ. ಅಂಗಡಿಯವನು ಗಾಬರಿಯಾದ. "ಎರಡು ಸ್ಟಾರಿಂದು ಒಂದೇ ಇರೋದು ಸಾ. ಚೀಟಿ ನೋಡಲ್ವಾ?" "ಇವತ್ತೇ ಕಳಿಸಕ್ಕಾಗುತ್ತಾ?" ಎಂದೆ. ನನ್ನ ಮುಖ ನೋಡಿ ಅವನು ಆಗಲೇ ರಸೀದಿ ಬರೆದ. ತುಂಬ ದಿನದ ಮೇಲೆ ಟೀ ತರಿಸಿದ.

ಐದನೆಯ ದಿನ ಗಿರಿಜ ಮನೆಗೆ ಬಂದಳು. ಕಣ್ಣು ಸ್ವಲ್ಪ ಸುಧಾರಿಸಿತು, ಪಾದದ ಜೋಮು ಹಾಗೇ ಉಳಿಯಿತು. ಅದು ಇನ್ನು ಹೋಗುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಫ್ರಿಜ್ಜಿನ ಬಣ್ಣ ಚೆನ್ನಾಗಿದೆ ಎಂದಳು, ಔಷಧಿ ಇಟ್ಟಳು, ಬಾಗಿಲು ಮುಚ್ಚಿದಳು. ಸಂಜೆ ಚುಚ್ಚಿಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ? ಔಷಧಿ ಇಲ್ಲೇ ಇದೆಯಲ್ಲ" ಎಂದೆ.

"ಔಷಧಿಗಲ್ಲ ಕಣ್ರೀ. ಮಾತಾಡಕ್ಕೆ."

ಅವಳು ನಿಧಾನವಾಗಿ, ನೆಲವನ್ನು ನಂಬದವಳ ಹಾಗೆ ಹೆಜ್ಜೆ ಇಟ್ಟು ರಸ್ತೆ ದಾಟಿದಳು. ಸ್ವಲ್ಪ ಹೊತ್ತು ಮನೆಯಲ್ಲಿ ಒಬ್ಬನೇ ಕೂತು ನೋಡಿದೆ, ಆಗಲಿಲ್ಲ. ನಾನೂ ಹೋದೆ. ಒಳಗಿನಿಂದ ಗಿರಿಜಳ ನಗು ಕೇಳಿಸಿತು. ಅವಳು ಅಷ್ಟು ಜೋರಾಗಿ ನಗಬಲ್ಲಳೆಂದು ನನಗೆ ತಿಳಿದಿರಲಿಲ್ಲ. ಹೊಸ್ತಿಲಲ್ಲಿ ನನ್ನನ್ನು ಕಂಡದ್ದೇ ನಗು ನಿಂತಿತು.

"ಬನ್ನಿ ಮೇಷ್ಟ್ರೇ, ಏನಾರ ಮಡಗ್ಬೇಕಿತ್ತಾ?" ಎಂದರು ಮಹದೇವಮ್ಮ.

"ಏನಿಲ್ಲ, ಸುಮ್ನೆ ಬಂದೆ" ಎಂದೆ. ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು. ಮಳೆ ಯಾವಾಗ ಶುರುವಾಗಬಹುದು ಎಂದು ಮರ್ಯಾದೆಗೆ ಕೇಳಿದರು. ಆಮೇಲೆ ಇಬ್ಬರೂ ನನ್ನ ಲೋಟ ಖಾಲಿಯಾಗುವುದನ್ನೇ ನೋಡುತ್ತಾ ಕೂತರು. ಸುಡುವ ಕಾಫಿಯನ್ನು ಎರಡೇ ಗುಟುಕಿಗೆ ಕುಡಿದು ಎದ್ದೆ. ನನ್ನ ಜೀವಮಾನದಲ್ಲಿ ಅಷ್ಟು ಬೇಗ ಮಾಡಿದ ತೀರ್ಮಾನ ಬೇರೊಂದಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಬೆನ್ನ ಹಿಂದೆ ನಗು ಮತ್ತೆ ಶುರುವಾಯಿತು.