ಕೊಲೆಗಾರ ಯಾರು ಅಂತ ಮುಂದಿನ ಸಿಟಿಂಗಿನಲ್ಲಿ

ಹಲ್ಲಿನ ಡಾಕ್ಟರ ಮುಂದೆ ಕೂತವರೆಲ್ಲ ಬಾಯಿ ತೆರೆದೇ ಇರುತ್ತಾರೆ, ಆದರೆ ಒಬ್ಬರೂ ಮಾತಾಡುವಂತಿಲ್ಲ. ಮಾತೆಲ್ಲ ನನ್ನ ಪಾಲಿಗೇ ಉಳಿಯುತ್ತದೆ. ಸುಮ್ಮನಿರಲಾರದೆ ಮೈಮೇಲೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ನಾನು ಏನಾದರೊಂದು ಹೇಳುತ್ತೇನೆ, ಅದರಿಂದ ಏನಾದರೊಂದು ಆಗುತ್ತದೆ. ಇಷ್ಟು ವರ್ಷವಾದರೂ ಇದು ನಿಂತಿಲ್ಲ.

ಹಾಸನದಲ್ಲಿ ನನ್ನದೊಂದು ಕ್ಲಿನಿಕ್ಕಿದೆ. ಅದಲ್ಲದೆ ವಾರಕ್ಕೊಂದು ದಿನ ಹೊಳೆನರಸೀಪುರ, ಒಂದು ದಿನ ಅರಕಲಗೂಡು, ಒಂದು ದಿನ ಚನ್ನರಾಯಪಟ್ಟಣ. ಮೂರೂ ಕಡೆ ಮೆಡಿಕಲ್ ಸ್ಟೋರಿನ ಮಹಡಿಯ ಮೇಲೆ ಒಂದೊಂದು ಕುರ್ಚಿ ಹಾಕಿದ್ದೇನೆ. ನಮ್ಮ ಸೀಮೆಯಲ್ಲಿ ಹಲ್ಲಿನ ಡಾಕ್ಟರಾಗಿ ಬದುಕುವುದು ಸುಲಭವಲ್ಲ. ಇಲ್ಲಿಯ ಜನ ರಾಗಿಮುದ್ದೆ ನುಂಗುವವರು, ಯಾರಾದರೂ ಅಗಿದರೆ ನಗುವವರು. "ನುಂಗಾಕೆ ಅಲ್ಲು ಯಾಕವ್ವಾ?" ಅಂತ ನನ್ನನ್ನೇ ಕೇಳುತ್ತಾರೆ. ಹುಳುಕು ಹಲ್ಲಿನ ಬೇರು ಚೊಕ್ಕ ಮಾಡಿ ಉಳಿಸುವ ರೂಟ್ ಕೆನಾಲಿಗೆ ಮೂರು ಸಲವಾದರೂ ಬರಬೇಕು. ಮೊದಲ ಸಿಟಿಂಗಿನಲ್ಲಿ ನೋವು ಹೋಗುತ್ತದೆ, ನೋವಿನ ಜೊತೆಗೆ ಪೇಷಂಟೂ ಹೋಗುತ್ತಾರೆ. ಅರ್ಧ ಕೊರೆದ ಹಲ್ಲು ಮನೆಯಲ್ಲಿ ಚೂರಾಗುತ್ತದೆ. ಆಮೇಲೆ ಕೀಳಿಸಲು ಬಂದು, "ನಿಮ್ಮ ಕೈಗುಣ ಸರಿ ಇಲ್ಲ ಬಿಡಿ" ಅಂತ ನನಗೇ ಹೇಳಿ ಹೋಗುತ್ತಾರೆ. ಉಳಿಸಬಹುದಾಗಿದ್ದ ಹಲ್ಲನ್ನು ಕೀಳುವಾಗ ನನಗೆ ಈಗಲೂ ನಿಜವಾಗಿ ಸಂಕಟವಾಗುತ್ತದೆ.

ಈ ಸಂಕಟ ಮರೆಯಲು ನನಗಿರುವ ಚಟ ಒಂದೇ, ಬ್ರಿಟಿಷ್ ಟೀವಿಯ ಕೊಲೆ ಧಾರಾವಾಹಿಗಳು. ಮಳೆ, ಹಸಿರು, ಕಲ್ಲಿನ ಚರ್ಚು, ಗುಲಾಬಿ ತೋಟ, ಟೀ, ಹೆಣ. ಯಾರೂ ಕಿರುಚುವುದಿಲ್ಲ. ನಮ್ಮ ಸೀರಿಯಲ್ಲಿನ ಹಾಗೆ ಒಂದೇ ಮುಖವನ್ನು ಮೂರು ಸಲ ತೋರಿಸಿ ಢಂ ಢಂ ಅನ್ನಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿಯ ನಟರ ಹಲ್ಲುಗಳು ನಮ್ಮ ನಿಮ್ಮ ಹಲ್ಲುಗಳಂತೆಯೇ ಸೊಟ್ಟಪಟ್ಟ. ಬೇರೆ ದೇಶದ ನಟರು ನಕ್ಕರೆ ಟೈಲ್ಸ್ ಅಂಗಡಿಯ ಬಾಗಿಲು ತೆಗೆದ ಹಾಗಿರುತ್ತದೆ. ಇಂಗ್ಲೆಂಡಿನ ಇನ್‌ಸ್ಪೆಕ್ಟರು ನಕ್ಕರೆ, 'ಅಯ್ಯೋ ಪಾಪ, ಕೆಳಸಾಲು ಪೂರ್ತಿ ಜರುಗಿದೆ' ಅಂತ ಅಕ್ಕರೆ ಉಕ್ಕುತ್ತದೆ. ಕಂಡವರಿಗೆಲ್ಲ 'ನೋಡಿ, ನೋಡಿ' ಅಂತ ಹೇಳದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಅಜ್ಜಿಗೆ ವಿಷ

ಹೊಳೆನರಸೀಪುರದಲ್ಲಿ ಒಬ್ಬರು ನಿವೃತ್ತ ಸ್ಕೂಲ್ ಮೇಡಂ ಕೆನ್ನೆ ಊದಿಸಿಕೊಂಡು ಬಂದರು. ಕೊರೆಯುವ ಮಿಷನ್ನಿನ ಸದ್ದಿಗೆ ಹೆದರಿ ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಭಯ ಮರೆಸೋಣವೆಂದು ಹಿಂದಿನ ದಿನ ನೋಡಿದ್ದ ಕಥೆ ಶುರುಮಾಡಿದೆ. ಒಬ್ಬ ಶ್ರೀಮಂತ ಅಜ್ಜಿ, ಬಂಗಲೆಯಲ್ಲಿ ಏಳು ಜನ ನೆಂಟರು, ಹುಟ್ಟುಹಬ್ಬದ ಕೇಕಿನಲ್ಲಿ ವಿಷ. ಇನ್‌ಸ್ಪೆಕ್ಟರು ಅಡುಗೆಯವಳ ಕೋಣೆಯ ಬಾಗಿಲು ತಟ್ಟುವ ಹೊತ್ತಿಗೆ ನನ್ನ ಕೆಲಸ ಮುಗಿಯಿತು. "ಸದ್ಯಕ್ಕೆ ಸಾಕು, ಮುಂದಿನ ವಾರ ಬನ್ನಿ," ಅಂದೆ.

ಹಲ್ಲಿಗೆ ಹೇಳಿದ್ದೆ. ಅವರು ಕಥೆಗೆ ಅಂತ ತಿಳಿದುಕೊಂಡರು.

ಮುಂದಿನ ವಾರ ನಾನು ಹೋಗುವ ಹೊತ್ತಿಗೆ ಅವರು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದರು. ನೋವಾ ಅಂತ ಗಾಬರಿಯಾಗಿ ಕೇಳಿದೆ. "ನೋವು ಅವತ್ತೇ ಹೋಯ್ತು ಡಾಕ್ಟ್ರೇ. ನಿದ್ದೆ ಇಲ್ಲ. ಆ ಅಡುಗೆಯವಳು ತಾನೇ?" ಅಂದರು. ನನ್ನ ವೃತ್ತಿಜೀವನದಲ್ಲಿ ನೋವಿಲ್ಲದೆ ವಾಪಸು ಬಂದ ಮೊದಲ ಪೇಷಂಟ್ ಅವರು. ಅವತ್ತೇ ನನಗೆ ಜ್ಞಾನೋದಯವಾಯಿತು. ರೂಟ್ ಕೆನಾಲಿನ ಅಳತೆಗೆ ಸರಿಯಾಗಿ ಕಥೆ ಕತ್ತರಿಸತೊಡಗಿದೆ. ಔಷಧಿಯನ್ನು ಮೊದಲು ಒಳಗಿಡುವುದು, ಅನುಮಾನವನ್ನು ಆಮೇಲೆ.

ಮೇಡಂ ಹಲ್ಲು ಉಳಿಯಿತು. ಕ್ಯಾಪ್ ಹಾಕಿಸಿಕೊಂಡು ಎದ್ದವರು ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಎಡಗಡೆ ಹಲ್ಲಿಗೆ ಏನೂ ಆಗಿಲ್ಲ ಅಂತ ನನಗೆ ಗೊತ್ತು. ಆದ್ರೂ ಒಂದು ಸಣ್ಣ ಕಥೆಯಷ್ಟು ಕೊರೀತೀರಾ?"

ಹಾಲ್‌ನಲ್ಲಿ ಹೆಣ

ಇದು ಹಾಸನದ ನಮ್ಮ ಮನೆಯಲ್ಲೇ ಆದದ್ದು. ಅತ್ತೆ ಹುಟ್ಟಿದ್ದು ಶಾಂತಿಗ್ರಾಮದ ಹತ್ತಿರದ ಹಳ್ಳಿಯಲ್ಲಿ, ಹೊಲಗದ್ದೆಯ ನಡುವೆ. ಭಾಷೆ ತಿಳಿಯದಿದ್ದರೂ ಹಸಿರು ನೋಡಲಿ ಅಂತ ಒಂದು ಧಾರಾವಾಹಿ ಹಾಕಿಕೊಟ್ಟು, ಪಕ್ಕದಲ್ಲಿ ಕೂತು ಕಥೆ ಹೇಳಿದೆ. ಹತ್ತು ನಿಮಿಷಕ್ಕೆ ಓದುವ ಕೋಣೆಯಲ್ಲಿ ಹೆಣ ಬಿತ್ತು. ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಗ್ಯಾಸ್ ಆರಿಸಿ ಬಂದರು.

"ಯಾಕತ್ತೆ?"

"ಬೀದೀಲಿ ಹೆಣ ಇದ್ರೇ ಒಲೆ ಹಚ್ಚಬಾರದು ಕಣೇ. ಇದು ನಮ್ಮ ಹಾಲ್‌ನಲ್ಲೇ ಬಿದ್ದದೆ."

ಮಣ್ಣು ಮಾಡಿದ ಮೇಲೆ ಹಚ್ಚೋಣ ಅಂತ ಕಾದೆವು. ಇನ್‌ಸ್ಪೆಕ್ಟರು ಬಂದ. ಹೆಣದ ಪಕ್ಕದ ಕೋಣೆಯಲ್ಲೇ ಟೀ ಕುಡಿದ, ಬಿಸ್ಕತ್ತು ತಿಂದ. ಅತ್ತೆ ಮುಖ ತಿರುಗಿಸಿಕೊಂಡರು. "ನಾಚಿಕೆ ಇಲ್ಲದವನು, ಸ್ನಾನವಾದರೂ ಮಾಡಬಾರದಾ?" ಮೊದಲ ಭಾಗ ಮುಗಿಯಿತು, ಹೆಣ ಎತ್ತಲಿಲ್ಲ. ಎರಡನೇ ಭಾಗದಲ್ಲಿ ಪೋಸ್ಟ್ ಮಾರ್ಟಮ್ ಆಯಿತು. ಮೂರನೆಯದರಲ್ಲಿ ಅನುಮಾನ ಬಂದು ಮತ್ತೊಂದು ಸಲ ಪೋಸ್ಟ್ ಮಾರ್ಟಮ್. ನನ್ನ ಗಂಡ ಬಂದು, "ಸಾರು ಏನು ಮಾಡಿದ್ದೀರಿ?" ಅಂತ ಕೇಳಿದರು. ಅತ್ತೆ ದನಿ ತಗ್ಗಿಸಿ, "ಹೆಣ ಇನ್ನೂ ಆಸ್ಪತ್ರೆಯೋರು ಕೊಟ್ಟಿಲ್ಲ ಕಣಪ್ಪ," ಅಂದರು. ನನ್ನ ಗಂಡ ಯಾರೋ ನೆಂಟರೇ ತೀರಿಕೊಂಡರೆಂದು ತಿಳಿದು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಗೆ ಹೊರಟಿದ್ದರು.

ಆ ಧಾರಾವಾಹಿ ಮುಗಿಯುವವರೆಗೆ ನಾವು ಹೋಟೆಲ್ ಊಟ ಮಾಡಿದೆವು. ಕೊನೆಯ ಭಾಗದಲ್ಲಿ ಅಂತೂ ಚರ್ಚಿನ ಹಿಂದೆ ಮಣ್ಣು ಮಾಡಿದರು. ಅತ್ತೆ ತಲೆಗೆ ನೀರು ಹಾಕಿಕೊಂಡು, ನನಗೂ ಹಾಕಿಸಿ, ಒಲೆ ಹಚ್ಚಿದರು. ಬಿಸಿ ಮುದ್ದೆ ಬಡಿಸುತ್ತ ಹೇಳಿದರು: "ಕಥೆ ಚೆನ್ನಾಗದೆ. ಮುಂದಿನ ಸಲ ಕಾಣೆಯಾದೋರದು ಹಾಕು, ಅಡುಗೆಗೆ ತೊಂದರೆ ಇರಲ್ಲ."

ಉಪ್ಪಿಟ್ಟು ಇಲ್ಲದ ಪ್ರೀತಿ

ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿಯ ಸಾಹುಕಾರರೊಬ್ಬರು ನನ್ನ ಪೇಷಂಟು. ಹಣೆತುಂಬ ವಿಭೂತಿ, ಸಾತ್ವಿಕ ಮನುಷ್ಯ, ಕೊಲೆಯ ಕಥೆ ಬೇಡವೆಂದರು. ಹಾಗಾದರೆ ಇದು ನೋಡಿ ಅಂತ ಹಳೇ ಕಾಲದ ಒಂದು ಪ್ರೇಮದ ಧಾರಾವಾಹಿ ಹೇಳಿದೆ. ದೊಡ್ಡ ಬಂಗಲೆ, ಕುದುರೆ ಗಾಡಿ, ಹುಡುಗನಿಗೆ ಹುಡುಗಿ ಇಷ್ಟ, ಹುಡುಗಿಗೂ ಹುಡುಗ ಇಷ್ಟ, ಇಬ್ಬರೂ ಹೇಳುವುದಿಲ್ಲ. ಎಂಟು ಭಾಗ.

ಮುಂದಿನ ವಾರ ಗಂಡ ಹೆಂಡತಿ ಇಬ್ಬರೂ ಕೆಂಡವಾಗಿ ಬಂದರು. ಆಯಮ್ಮನ ಹಲ್ಲಿಗೆ ಏನೂ ಆಗಿರಲಿಲ್ಲ, ನನ್ನನ್ನು ಬೈಯಲೆಂದೇ ಬಂದಿದ್ದರು.

"ಐದು ಭಾಗ ಆಯ್ತು ಮೇಡಂ, ಆ ಹುಡುಗ ಹ್ಯಾಟ್ ತೆಗೆಯೋದು, ಹಾಕ್ಕೊಳ್ಳೋದು, ಇಷ್ಟೇ! ಮಳೇಲಿ ನಿಂತು ಕಿಟಕಿ ನೋಡ್ತಾನೆ. ಒಳಗೆ ಹೋಗಿ ಕೂತ್ಕೊಳ್ಳೋದಕ್ಕೇನು ರೋಗ?" ಅಂದರು ಆಯಮ್ಮ.

"ಅದೇ ಅದರ ಸೊಗಸು," ಅಂದೆ.

"ಏನು ಸೊಗಸು? ಹಿರೀಕರು ಅಂತ ಒಬ್ಬರಾದ್ರೂ ಬೇಡವಾ ಆ ಊರಲ್ಲಿ?" ಅಂದರು ಸಾಹುಕಾರರು. "ನಮ್ಮ ಕಡೆ ಆಗಿದ್ದರೆ ಮೊದಲನೇ ಭಾಗದಲ್ಲೇ ಹುಡುಗಿ ಉಪ್ಪಿಟ್ಟು ಕೇಸರಿಬಾತ್ ತಂದಿಟ್ಟಿರೋಳು. ಎರಡನೇದರಲ್ಲಿ ಮದುವೆ. ಉಳಿದ ಆರು ಭಾಗ ಜಗಳ ಆಡಿಕೊಂಡು ಸುಖವಾಗಿರೋರು."

ಡೈರಿ ಜಗಲಿಯ ನ್ಯಾಯ

ಅರಕಲಗೂಡಿನ ನನ್ನ ಕುರ್ಚಿಗೆ ಕೊಣನೂರು ಕಡೆಯ ಒಂದು ಹಳ್ಳಿಯಿಂದ ಯಜಮಾನರೊಬ್ಬರು ಬಂದರು. ಅವರೂರಿನ ಬದುವಿನ ಜಗಳ, ಭಾಗದ ಜಗಳ, ಗಂಡ ಹೆಂಡಿರ ಜಗಳ ಎಲ್ಲ ಇವರೇ ತೀರ್ಮಾನ ಮಾಡಬೇಕು. ಎಡದವಡೆ ಆಗಲೇ ಖಾಲಿ. ಬಲಗಡೆ ಅಗಿಯಲು ಉಳಿದಿದ್ದ ಒಂದೇ ಹಲ್ಲು ಹುಳುಕಾಗಿತ್ತು. "ಕಿತ್ತಾಕಿ ಅತ್ಲಾಗೆ," ಅಂದರು.

"ಇದೂ ಹೋದರೆ ನಾಟಿ ಕೋಳಿ ಮರೆಯಬೇಕಾಗುತ್ತೆ," ಅಂದೆ.

ಯಜಮಾನರ ಮುಖ ಇಳಿದುಹೋಯಿತು. ಮುದ್ದೆ ನುಂಗಬಹುದು, ಕೋಳಿ ನುಂಗಲಾಗುವುದಿಲ್ಲ. ಒಪ್ಪಿದರು. ಆದರೆ ನೋವು ಹೋದ ಮೇಲೆ ಇವರೂ ಬರುವುದಿಲ್ಲವೆಂದು ನನಗೆ ಗೊತ್ತು. ಆ ಹಲ್ಲನ್ನು ಹೇಗಾದರೂ ಉಳಿಸಲೇಬೇಕೆಂದು ನನ್ನಲ್ಲಿದ್ದ ಕಥೆಗಳಲ್ಲೇ ಗಟ್ಟಿಯಾದದ್ದನ್ನು ತೆಗೆದೆ. ಇಂಗ್ಲೆಂಡಿನ ಹಳ್ಳಿ. ಜಮೀನ್ದಾರನೊಬ್ಬ ಕೆರೆಯಲ್ಲಿ ಹೆಣವಾಗಿದ್ದಾನೆ. ಇನ್‌ಸ್ಪೆಕ್ಟರಿಗೆ ಅನುಮಾನ ಮೂವರ ಮೇಲೆ: ಎರಡನೇ ಹೆಂಡತಿ, ತಮ್ಮ, ಚರ್ಚಿನ ಪಾದ್ರಿ.

ಎರಡನೇ ಸಿಟಿಂಗಿಗೆ ಸರಿಯಾಗಿ ಬಂದರು. ಬಾಯಿ ತೆರೆಯುವ ಮೊದಲೇ, "ಡಾಕ್ಟ್ರಮ್ಮ, ಆ ಜಮೀನು ಪಿತ್ರಾರ್ಜಿತವೋ ಸ್ವಯಾರ್ಜಿತವೋ?" ಅಂದರು. ಕಥೆಯಲ್ಲಿ ಯಾರೂ ಅದನ್ನು ಕೇಳಿಲ್ಲ ಅಂದೆ. "ಅದ್ನ ಕೇಳ್ದೆ ಆವಯ್ಯ ಅದೆಂಗೆ ತನಿಖೆ ಮಾಡ್ತಾವ್ನೆ!" ಅಂತ ಬೇಸರಪಟ್ಟರು. ಊರಿನ ಹಾಲಿನ ಡೈರಿಯಲ್ಲಿ ದಿನಾ ಬೆಳಗ್ಗೆ ಇದೇ ಚರ್ಚೆಯಂತೆ. ಸದ್ಯ, ಕಥೆ ಕೆಲಸ ಮಾಡುತ್ತಿದೆ ಅಂತ ನಾನು ಹಿಗ್ಗಿದೆ.

ಮೂರನೇ ಸಿಟಿಂಗ್. ಬೇರಿಗೆ ಮದ್ದು ತುಂಬಿ ಮುಚ್ಚಿದರೆ ಹಲ್ಲು ಉಳಿದ ಹಾಗೆ. ಮಹಡಿಯ ಮೆಟ್ಟಿಲ ಮೇಲೆ ದಡಬಡ ಸದ್ದಾಯಿತು. ಯಜಮಾನರ ಹಿಂದೆ ಒಂದು ಟೆಂಪೋದಷ್ಟು ಜನ. ಅರ್ಧ ಜನ ಒಳಗೆ, ಅರ್ಧ ಜನ ಬಾಗಿಲಾಚೆ ಮೆಟ್ಟಿಲ ಮೇಲೆ. ಯಜಮಾನರು ಕುರ್ಚಿಯಲ್ಲಿ ಕೂತು, ಮೀಸೆ ತೀಡಿ, "ತೀರ್ಮಾನ ಆಯ್ತು," ಅಂದರು.

"ಯಾವುದು?"

"ಇಂಗ್ಲೆಂಡಿಂದು. ಡೈರಿ ಜಗಲಿ ಮ್ಯಾಲೆ ನ್ಯಾಯ ಮಾಡಿದೋ. ಕೊಂದೋನು ತಮ್ಮ. ಆದ್ರೆ ಜೈಲು ಬ್ಯಾಡ, ಮನೆ ಆಳಾಯ್ತದೆ. ಕೆರೆ ಪಕ್ಕದ ತ್ವಾಟ ಅತ್ಗೆಗೆ ಬಿಟ್ಕೊಡ್ಲಿ, ಚರ್ಚಿಗೆ ತಪ್ಪುಕಾಣಿಕೆ ಆಕ್ಲಿ, ಊರಿಗೆಲ್ಲಾ ಊಟ ಆಕುಸ್ಲಿ. ರಾಜಿ."

ನ್ಯಾಯಕ್ಕೆ ಬರಲಾಗದವರ ಪರವಾಗಿ ಊರಿನವರೇ ಒಬ್ಬೊಬ್ಬರು ನಿಲ್ಲುವುದು ಅಲ್ಲಿಯ ಪದ್ಧತಿ. ಇಂಗ್ಲೆಂಡಿನಿಂದ ಯಾರೂ ಬರುವ ಹಾಗಿರಲಿಲ್ಲವಲ್ಲ, ಹಾಗಾಗಿ ಎರಡನೇ ಹೆಂಡತಿಯ ಪರವಾಗಿ ಒಬ್ಬ, ತಮ್ಮನ ಪರವಾಗಿ ಒಬ್ಬ ನಿಂತಿದ್ದರು. ಅವರಿಬ್ಬರೂ ಈಗ ಮಾತು ಬಿಟ್ಟು ನನ್ನ ಕ್ಲಿನಿಕ್ಕಿನ ಆ ಮೂಲೆಗೊಬ್ಬ ಈ ಮೂಲೆಗೊಬ್ಬ ನಿಂತಿದ್ದರು. ಪಾದ್ರಿಯ ಜಾಗದಲ್ಲಿ ಊರ ಪೂಜಾರಪ್ಪನನ್ನು ನಿಲ್ಲಿಸಿದ್ದರಂತೆ. ಆತ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಬಡಿದು ಆರಿಸಿ, ತಾನು ಕೊಂದಿಲ್ಲವೆಂದು ದೇವರ ಮುಂದೆ ಆಣೆ ಮಾಡಿದ್ದ.

ನನಗೆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! "ಯಜಮಾನರೇ, ತಮ್ಮ ಅಲ್ಲ. ಕೊನೆಯಲ್ಲಿ ಗೊತ್ತಾಗುತ್ತೆ, ಕೊಂದಿದ್ದು ಪಾದ್ರಿ," ಅಂದುಬಿಟ್ಟೆ.

ಎಲ್ಲರೂ ಒಟ್ಟಿಗೆ ಪೂಜಾರಪ್ಪನ ಕಡೆ ತಿರುಗಿದರು. ಆತ ಬೆವರಿಹೋದ. "ನಾನ್ ಮಾಡಿಲ್ಲ ಕಣ್ರಪ್ಪೋ! ನಾನ್ ಆ ಊರಿಗೇ ಓಗಿಲ್ಲ!"

"ಅಂಗಾದ್ರೆ ಮಾಡಿಲ್ಲ ಅಂತ ಆಣೆ ಯಾಕ್ ಮಾಡ್ದೆ?" ಅಂದ ತಮ್ಮನ ಪರದವನು.

"ಮಾಡಿಲ್ಲ, ಅದ್ಕೇ ಮಾಡ್ದೆ!" ಪೂಜಾರಪ್ಪ ಅಂಗೈ ಚಾಚಿದ. "ನೋಡ್ಕಳಿ ಯಜಮಾನ್ರೇ, ಒಂದ್ ಬೊಬ್ಬೆ ಬಂದದಾ?"

ಯಜಮಾನರು ಹಲ್ಲು ನೋಡಲು ನಾನು ಇಟ್ಟಿದ್ದ ದೀಪವನ್ನೇ ಎಳೆದು ಆ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ಪರೀಕ್ಷೆ ಮಾಡಿದರು. ಆಮೇಲೆ ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು: "ಕೈ ಸುಟ್ಟಿಲ್ಲ. ಅಂದ್ಮೇಲೆ ಪಾದ್ರಿ ಮಾಡಿಲ್ಲ. ಟೀವಿ ಸುಳ್ಳೇಳ್ಬೌದು, ಕರ್ಪೂರ ಸುಳ್ಳೇಳಾಕಿಲ್ಲ. ನೀವು ಇನ್ನೊಂದ್ ಸತಿ ಸರ್ಯಾಗ್ ನೋಡಿ ಡಾಕ್ಟ್ರಮ್ಮ."

"ಆಮೇಲೆ ನೋಡ್ತೀನಿ, ಈಗ ಬಾಯಿ ತೆಗೀರಿ."

"ಕೊಂದೋನು ಯಾರು ಅಂತ ಸರಿಯಾಗಿ ಏಳೋಗಂಟ ತೆಗೆಯಾಕಿಲ್ಲ," ಅಂತ ಹಲ್ಲು ಕಚ್ಚಿ ಕೂತರು. ಅದೂ ಆ ಹುಳುಕು ಹಲ್ಲನ್ನೇ ಕಚ್ಚಿ.

ನನ್ನ ಜೀವ ಹೋದ ಹಾಗಾಯಿತು. ಇನ್ನೊಂದು ವಾರ ಬಿಟ್ಟರೆ ಅದು ಚೂರು, ಮತ್ತೆ ಕೀಳುವುದೇ. ಪಾದ್ರಿ ಅಂದರೆ ಪೂಜಾರಪ್ಪನ ಮಾನ ಹೋಗುತ್ತದೆ. ತಮ್ಮ ಅಂದರೂ ಜಗಳ, ಹೆಂಡತಿ ಅಂದರೂ ಜಗಳ. ಸತ್ಯಕ್ಕಿಂತ ಹಲ್ಲು ದೊಡ್ಡದು ಅಂತ ಮನಸ್ಸು ಗಟ್ಟಿ ಮಾಡಿದೆ. ಈ ಊರಿನಲ್ಲಿ ಯಾರಿಗೂ ನೋವಾಗದಂಥ ಒಬ್ಬ ಕೊಲೆಗಾರ ಬೇಕಿತ್ತು. ತಟ್ಟನೆ ಹೊಳೆಯಿತು.

"ಯಜಮಾನರೇ, ನಿಜ ಹೇಳ್ತೀನಿ ಕೇಳಿ. ಕೊಂದಿದ್ದು ಇನ್‌ಸ್ಪೆಕ್ಟರು."

ಬಾಗಿಲಾಚೆಯಿಂದ ಯಾರೋ ಧಡಧಡ ಮೆಟ್ಟಿಲಿಳಿದು ಬೀದಿಗೆ ಬಿದ್ದು ಓಡಿದ ಸದ್ದು ಕೇಳಿತು.

"ಯಾರ್ಲಾ ಅದು ಓಡಿದ್ದು?" ಅಂದರು ಯಜಮಾನರು.

ಪೂಜಾರಪ್ಪ ಕಿಟಕಿಯಲ್ಲಿ ಬಗ್ಗಿ ನೋಡಿ, ಎದೆ ಮೇಲೆ ಕೈಯಿಟ್ಟು ಉಸಿರುಬಿಟ್ಟ. "ಇನ್ಯಾರು ಯಜಮಾನ್ರೇ, ಡೈರಿ ಜಗಲೀಲಿ ನಾವು ನಿಲ್ಸಿದ್ದೋವಲ್ಲ, ನಮ್ಮ ಇನ್‌ಸ್ಪೆಕ್ಟ್ರು!"

ಯಜಮಾನರ ಬಾಯಿ ತಾನಾಗಿಯೇ ತೆರೆದುಕೊಂಡಿತು. ನಾನು ಬಿಡುತ್ತೇನೆಯೇ? ಒಂದೇ ಸಲಕ್ಕೆ ಕೆಲಸ ಮುಗಿಸಿದೆ. ಆ ಹಲ್ಲು ಗಟ್ಟಿಯಾಗಿ ಕೂತಿದೆ, ನಾಟಿ ಕೋಳಿಯೂ ನಡೆಯುತ್ತಿದೆ. ಓಡಿದವನು ಮಾತ್ರ ದಂಡಿಗನಹಳ್ಳಿಯ ನೆಂಟರ ಮನೆ ಸೇರಿಕೊಂಡಿದ್ದಾನೆ. ಮೊನ್ನೆ ನನಗೇ ಫೋನ್ ಮಾಡಿದ್ದ:

"ಡಾಕ್ಟ್ರಮ್ಮ, ಜಾಮೀನು ಸಿಕ್ತದಾ?"