ಸಾಹೇಬರು ಬೈದರು, ಆಯಿ ನೀರು ಕೊಟ್ಟಳು

ಸರಕಾರವನ್ನು ಬೈಯಲು ಹೋಗಿ ಅದರ ಕೊರಳಿಗೇ ಹಾರ ಹಾಕಿ ಬರುವುದು ನಮ್ಮ ಕಡೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ನಾನು ವಿರೋಧ ಪಕ್ಷದ ಸಂಸದರೊಬ್ಬರ ಜೀಪು ಓಡಿಸುತ್ತಿದ್ದೆ. ಆಳಂದ, ಅಫಜಲಪುರ, ಜೇವರ್ಗಿಯ ಧೂಳೆಲ್ಲ ನನ್ನ ಗಂಟಲಲ್ಲಿದೆ. ಸಿಟ್ಟೂ ಅಲ್ಲೇ ಇದೆ.

೧. ರೇಡಿಯೊ

ಸರಸಂಬಾದ ಆಚೆ ಒಂದು ಸಣ್ಣ ಊರು. ಅಲ್ಲಿ ಸರಕಾರದ ಕೈಪಂಪು ಇತ್ತು. ನೀರು ಇರಲಿಲ್ಲ. ಆಗಿನ ನೀತಿ ಹೀಗೆ: ಪಂಪು ನೆಟ್ಟ ಊರಿಗೆ ನೀರು ಬಂದಂತೆಯೇ ಲೆಕ್ಕ. ಹೊಸ ಬೋರ್‌ವೆಲ್ ಕೇಳುವಂತಿಲ್ಲ. ಹೆಂಗಸರು ಹಳ್ಳದ ಉಸುಕಿನಲ್ಲಿ ವರತಿ ತೋಡಿ, ಒಸರಿದ ನೀರನ್ನು ತೆಂಗಿನ ಪರಟಿಯಿಂದ ಮೊಗೆದು ಕೊಡ ತುಂಬುತ್ತಿದ್ದರು.

ನಮ್ಮ ಸಂಸದ ಸಾಹೇಬರು ದಿಲ್ಲಿಯ ಸದನದಲ್ಲಿ ಎದ್ದು ನಿಂತು, "ನೀವು ಪಂಪು ಎಣಿಸುತ್ತೀರಿ, ನೀರು ನೋಡುವುದಿಲ್ಲ" ಎಂದು ಮಂತ್ರಿಯನ್ನು ಝಾಡಿಸಿದರು. ಊರವರು ಕಟ್ಟೆಯ ಮೇಲೆ ರೇಡಿಯೊ ಇಟ್ಟುಕೊಂಡು ಕೂತರು. ವಾರ್ತೆಯಲ್ಲಿ ಸಾಹೇಬರ ಟೀಕೆ ಒಂದೇ ಸಾಲು. ಮಂತ್ರಿಯ ಉತ್ತರ ಮುಗಿಯಲೊಲ್ಲದು.

ಒಬ್ಬ ಮುತ್ಯಾ ನನ್ನನ್ನು ಕೇಳಿದ: "ಯಪ್ಪಾ ಡ್ರೈವರ್, ನಮ್ಮ ಸಾಹೇಬ್ರು ಬೈಯಾಕ ಹೋಗ್ಯಾರೋ, ಬೈಸ್ಕೊಳ್ಳಾಕ ಹೋಗ್ಯಾರೋ?"

೨. ತಪಾಸಣೆ

ನೋಡಿಕೊಂಡು ಬಾ ಎಂದು ಮಂತ್ರಿ ಒಬ್ಬ ಅಧಿಕಾರಿಯನ್ನು ಕಳಿಸಿದ. ಅವನು ಪಂಪಿನ ಎದುರಿನ ಮನೆಗೆ ಬಂದ. ಅಲ್ಲಿ ಒಬ್ಬ ಮುದುಕಿ, ಊರಿಗೆಲ್ಲ ಆಯಿ. ನಮ್ಮಲ್ಲಿ ಹೊಸ್ತಿಲಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ಬೆಳಗಿನಿಂದ ಮೊಗೆದು ತಂದ ಕೊಡದಿಂದ ಆಯಿ ಅವನ ಕಾಲಿಗೆ ನೀರು ಕೊಟ್ಟಳು. ಕುಡಿಯಲು ತಂಬಿಗೆ ಕೊಟ್ಟಳು. ಇನ್ನೊಂದು ತಂಬಿಗೆ ಕೇಳಿದ. ಅದನ್ನೂ ಕೊಟ್ಟಳು.

ಸದನದಲ್ಲಿ ಮಂತ್ರಿ ಹೇಳಿದ: "ನಮ್ಮ ಅಧಿಕಾರಿ ಆ ಊರಲ್ಲೇ ಹೊಟ್ಟೆ ತುಂಬ ನೀರು ಕುಡಿದು ಬಂದಿದ್ದಾರೆ."

ಸಾಹೇಬರು ಕೆಂಡವಾಗಿ ಊರಿಗೆ ಬಂದರು. "ಆಯೀ, ಅವಗ ಯಾಕ ನೀರ ಕೊಟ್ಟಿ?" ಎಂದು ಗುಡುಗಿದರು.

"ಬಾಗಿಲಿಗಿ ಬಂದಾವಗ ಇಲ್ಲ ಅನ್ಲೇನ್ರಿ? ನಿಮ್ಮ ಪಾರ್ಟಿ ನಿಮಗ, ನಮ್ಮ ಮನಿ ಮರ್ಯಾದಿ ನಮಗ. ಮೊದಲ ನೀರ ಕುಡೀರಿ, ಆಮ್ಯಾಗ ಬೈರಿ."

ಸಾಹೇಬರು ಕುಡಿದರು. ಬಿಸಿಲು ಹಾಗಿತ್ತು.

೩. ಕೊಡ

ಸಾಹೇಬರು ಸದನದಲ್ಲಿ ಮತ್ತೆ ಗದ್ದಲ ಮಾಡಿದರು. ಅದೇ ಅಧಿಕಾರಿ ಮತ್ತೆ ಬಂದ. ಈ ಸಲ ನಾನು ಮುಂಚೆಯೇ ಹೋಗಿ, ಹನಿಯೂ ಕೊಡಬೇಡ ಎಂದು ಆಯಿಗೆ ಕೈಮುಗಿದಿದ್ದೆ.

"ಇಲ್ಲ ಅಂತ ಅನ್ನಾಂಗಿಲ್ಲ," ಎಂದಳು. "ತಗೊಂಡ ಬಾ ಅನ್ನಬಹುದು."

ಅಧಿಕಾರಿ ನೀರು ಕೇಳಿದ. ಆಯಿ ಅವನ ಕೈಗೆ ಖಾಲಿ ಕೊಡ, ಪರಟಿ ಇಟ್ಟಳು. "ಹೋದ ಸಲ ಬೀಗರ ಹಂಗ ಬಂದಿದ್ದಿ. ಈಗ ನೀ ಮನಿ ಮಗ. ಹಳ್ಳ ಆ ಕಡಿ ಅದ ನೋಡಪ್ಪಾ."

ಊರೆಲ್ಲ ನೋಡುತ್ತಿತ್ತು. ಹೋದ. ಪ್ಯಾಂಟು ಮಡಚಿ ಮಧ್ಯಾಹ್ನವೆಲ್ಲ ಮೊಗೆದು, ಅರ್ಧ ಕೊಡ ಹೆಗಲ ಮೇಲೆ ಹೊತ್ತು ತಂದ. ಇನ್ನು ಮಂತ್ರಿ ಏನು ಹೇಳುತ್ತಾನೋ ನೋಡೋಣ ಎಂದುಕೊಂಡೆವು.

ಅಧಿಕಾರಿ ಮರಳಿ ಹೋಗಿ ನಡೆದದ್ದನ್ನೇ ಹೇಳಿದ. ಮಂತ್ರಿ ಸದನದಲ್ಲಿ ಎದ್ದು ನಿಂತ: "ನಮ್ಮ ಅಧಿಕಾರಿಗಳು ಹೆಗಲ ಮೇಲೆ ಕೊಡ ಹೊತ್ತು ಆ ಊರಿಗೆ ನೀರು ಕೊಡುತ್ತಿದ್ದಾರೆ. ವಿರೋಧ ಪಕ್ಷಕ್ಕೆ ಇನ್ನೇನು ಬೇಕು?" ಅವರ ಕಡೆಯವರು ಮೇಜು ಕುಟ್ಟಿದರಂತೆ.

ಬೋರ್‌ವೆಲ್ ಬರಲಿಲ್ಲ. ಹಲ್ಲು ಕಡಿಯುತ್ತ ಹೋಗಿ ಆಯಿಗೆ ಇದನ್ನೆಲ್ಲ ಹೇಳಿದೆ. ಅವಳು ಕೊಡವನ್ನು ಬೋರಲು ಹಾಕಿ ಕೇಳಿದಳು:

"ಹಂಗಾದ್ರ ನಾಳಿ ಪಾಳಿ ಮಂತ್ರೀದೇನು? ಕೊಡ ಖಾಲಿ ಆಗ್ಯದ, ಲಗೂ ಬಾ ಅನ್ರಿ."