ತೆಂಗು ಬೇಡುವ ಯೀಸ್ಟ್

"ಎಂಟೇ ನಿಮಿಷ! ಗಡಿಯಾರ ನೋಡ್ತಾ ಇರಿ ಸಾರ್," ಎಂದು ನಮ್ಮ ಪಕ್ಕದ ಮನೆಯ ಹಿಲರಿ ಸಿಕ್ವೇರಾ ತನ್ನ ಯಂತ್ರದ ಗುಂಡಿ ಒತ್ತಿದ.

ಹಳೆಯ ವಾಷಿಂಗ್ ಮೆಷೀನಿನ ಡ್ರಮ್ಮಿಗೆ ಹೀಟರ್ ಕೂರಿಸಿ ಮಾಡಿದ ಯಂತ್ರವದು. ಒಳಗಿದ್ದದ್ದು ಸಾನ್ನಾ ಹಿಟ್ಟು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಅಕ್ಕಿ ಹಿಟ್ಟಿಗೆ ಕಳ್ಳು ಹಾಕಿ, ಗಂಟೆಗಟ್ಟಲೆ ಉಬ್ಬಲು ಬಿಟ್ಟು, ಹಬೆಯಲ್ಲಿ ಬೇಯಿಸುವ ತಿಂಡಿ. ಅದನ್ನು ಎಂಟು ನಿಮಿಷದಲ್ಲಿ ಉಬ್ಬಿಸುವ ಕುಲಾಂತರಿ ಯೀಸ್ಟನ್ನು ಹಿಲರಿ ಸೃಷ್ಟಿಸಿದ್ದ.

ಮಾರಲು ಸರಕಾರದ ಅನುಮತಿ ಬೇಕು. ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಇದು ಮೂರನೆಯ ಮತ್ತು ಕೊನೆಯ ತಪಾಸಣೆ. ಇದರಲ್ಲೂ ಸೋತರೆ ಯೀಸ್ಟನ್ನು ನಾಶ ಮಾಡಬೇಕು. ಸಾಕ್ಷಿಗೆಂದು ನನ್ನನ್ನು ಕರೆದಿದ್ದ.

ತಪಾಸಣೆಗೆ ಬಂದ ಅಧಿಕಾರಿ ಸಂಗನಬಸಪ್ಪ ಬಾಗಲಕೋಟೆ ಕಡೆಯವರು. "ನಿಯಮ ಒಂದ ಐತ್ರಿ. ಜೀವಂತ ಯೀಸ್ಟ್ ಈ ಮನಿ ಹೊಸ್ತಿಲಾ ದಾಟಬಾರ್ದು. ದಾಟಿದ್ರ ಏನ್ ಮಾಡ್ತೀರಿ?"

"ದಾಟಿದರೆ ಸಾಯ್ತದೆ ಸಾರ್. ಒಂದು ವಸ್ತು ಸಿಗದಿದ್ದರೆ ಬದುಕಲಿಕ್ಕೇ ಆಗದ ಹಾಗೆ ಮಾಡಿದ್ದೇನೆ."

"ಯಾವ ವಸ್ತು?"

"ತೆಂಗಿನಕಾಯಿ."

ಸಂಗನಬಸಪ್ಪ ಕಿಟಕಿಯಾಚೆ ನೋಡಿದರು. ನಾನೂ ನೋಡಿದೆ. ಕಂಪೌಂಡಿನೊಳಗೇ ಹದಿನಾಲ್ಕು ಮರಗಳಿದ್ದವು.

"ಮಂಗಳೂರಲ್ಲಿ ಕೂತು ನಿಮಗೆ ತೆಂಗಿನಕಾಯಿಯೇ ಸಿಕ್ಕಿದ್ದಾ?" ಎಂದರು ಹಿಲರಿಯ ಹೆಂಡತಿ ಸೆವ್ರಿನ್ ಬಾಯಿ. ಅವರು ಅಧಿಕಾರಿಯ ಊಟಕ್ಕೆ, ಕೋಳಿ ಸಾರಿಗೆ, ಕಾಯಿ ತುರಿಯುತ್ತಿದ್ದರು.

"ಸುಲಭದಲ್ಲಿ ಸಿಗ್ತದಲ್ಲ ಸೆವ್ರಿನ್, ಅದಕ್ಕೇ."

ಆರನೆಯ ನಿಮಿಷಕ್ಕೆ ಮುಚ್ಚಳ ಎದ್ದಿತು. ಹಿಟ್ಟು ಅಂಚು ದಾಟಿ, ಮೇಜಿನ ಮೇಲೆ ಹರಿದು, ನೇರವಾಗಿ ಕಾಯಿತುರಿಯ ಬಟ್ಟಲಿನತ್ತ ಹೊರಟಿತು. ಸೆವ್ರಿನ್ ಬಾಯಿ ಬಟ್ಟಲನ್ನು ಎತ್ತಿ ಹಿಡಿದರು. ಹಿಟ್ಟೂ ಎದ್ದು ನಿಂತಿತು.

"ಕೊಟ್ಟುಬಿಡು ಮಾರಾಯ್ತಿ, ಅದಕ್ಕೆ ಹಸಿವೆ!"

"ಹಸಿವೆ ಈ ಸಾರ್‌ಗೂ ಉಂಟು. ಅವರನ್ನು ಊಟಕ್ಕೆ ಕರೆದದ್ದು ನೀವೇ."

ಅಷ್ಟರಲ್ಲಿ ತುರಿ ಚೆಲ್ಲಿತು. ಹಿಟ್ಟು ದಿಂಬಿನಷ್ಟಾಯಿತು, ಹಾಸಿಗೆಯಷ್ಟಾಯಿತು, ಡಬ್ಬೆಂದು ಒಡೆಯಿತು. ಒಂದು ಮುದ್ದೆ ಹಾರಿ ಸಂಗನಬಸಪ್ಪನವರ ತಲೆಯ ಮೇಲೆ ಕೂತಿತು. ಬೆಳಿಗ್ಗೆಯಷ್ಟೇ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿದ ತಲೆ! ನೋಡುನೋಡುತ್ತಿದ್ದಂತೆ ಅವರಿಗೆ ಬಿಳಿ ಪೇಟ ಬೆಳೆಯಿತು. ಅದು ಮೇಲೆ ತಿರುಗುತ್ತಿದ್ದ ಫ್ಯಾನಿಗೆ ತಾಗುವ ಮೊದಲು ನಾನು ಸ್ವಿಚ್ ಆರಿಸಿದೆ.

"ಸೋಪ್ ಕೊಡ್ರಿ, ತೊಳ್ಕೋತೀನಿ."

ಸೆವ್ರಿನ್ ಬಾಯಿ ಸೋಪಿನ ಹೊದಿಕೆ ಓದಿದರು. "ಇದೂ ತೆಂಗಿನೆಣ್ಣೆಯದ್ದೇ ಸಾರ್."

"ಹಂಗಾರ ಬರೇ ನೀರ್ ಕೊಡ್ರಿ."

"ನೀರು ಚರಂಡಿಗೆ ಹೋಗ್ತದೆ. ಚರಂಡಿ ಹೊಸ್ತಿಲಿನ ಆಚೆ," ಎಂದ ಹಿಲರಿ.

"ನಾ ಮನಿಗೆ ಹೋಗ್ತೀನ್ರಿ."

"ನೀವು ದಾಟಿದರೆ ಯೀಸ್ಟೂ ದಾಟಿದ ಹಾಗೆ ಸಾರ್. ನನ್ನ ಅನುಮತಿ ಹೋಗ್ತದೆ."

ಸಂಗನಬಸಪ್ಪ ಆ ನಿಯಮವನ್ನು ಎರಡು ಸಲ ಓದಿದರು. ಅಧಿಕಾರಿಗಳಿಗೆ ವಿನಾಯಿತಿ ಇರಲಿಲ್ಲ.

ಕೊನೆಗೆ ಅವರು ಸ್ಟೂಲಿನ ಮೇಲೆ ಕೂತು ಹಿಲರಿಯ ರೇಜರಿಗೆ ತಲೆ ಒಡ್ಡಿದರು. ಕೂದಲನ್ನೂ ಚೆಲ್ಲಿದ ಹಿಟ್ಟನ್ನೂ ಪ್ರೆಶರ್ ಕುಕ್ಕರಿನಲ್ಲಿ, ಕಂತು ಕಂತಾಗಿ, ತಲಾ ಇಪ್ಪತ್ತು ನಿಮಿಷ ಬೇಯಿಸಿದೆವು. ಯೀಸ್ಟ್ ಸಾಯಲು ಅಷ್ಟು ಸಾಕು. ಮನೆಯಲ್ಲಿ ಬೇರೆ ಕುಕ್ಕರ್ ಇಲ್ಲದ್ದರಿಂದ ಊಟ ರದ್ದಾಯಿತು.

ಹದಿನೈದು ದಿನದಲ್ಲಿ ಆದೇಶ ಬಂತು. ಯೀಸ್ಟ್ ಹೊಸ್ತಿಲು ದಾಟಿಲ್ಲವಾದ್ದರಿಂದ ಅನುಮತಿ ಮಂಜೂರು. ಷರತ್ತು ಒಂದೇ: ತೆಂಗು ಬೆಳೆಯದ, ತೆಂಗಿನೆಣ್ಣೆ ಹಚ್ಚದ ಪ್ರದೇಶದಲ್ಲಿ ಮಾತ್ರ ಮಾರತಕ್ಕದ್ದು.

ಹಿಲರಿ ಈಗ ಲಡಾಖ್‌ನಲ್ಲಿ ಸಾನ್ನಾ ತಿನ್ನುವವರನ್ನು ಹುಡುಕುತ್ತಿದ್ದಾನೆ. ಇದುವರೆಗೆ ಒಬ್ಬರು ಸಿಕ್ಕಿದ್ದಾರೆ. ಮಂಗಳೂರಿನವರು, ಪ್ರವಾಸ ಹೋಗಿದ್ದರಂತೆ.